ನಲವತ್ತು ಮೀಟರಿನ ಹಗ್ಗ

ನನ್ನ ಗಂಡ ಮಾಲಾಕಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಅಧಿಕಾರ ಬಂತು. ಡ್ರಮ್‌ಕೀಲ್ ಫುಟ್‌ಬಾಲ್ ಕ್ಲಬ್ಬಿನ ಮೈದಾನಕ್ಕೆ ಬಿಳಿ ಗೆರೆ ಎಳೆಯುತ್ತಿದ್ದ ಪ್ಯಾಕಿ ಸೊಂಟದ ಆಪರೇಷನ್ನಿಗೆ ಹೋದ. ಆ ಕೆಲಸಕ್ಕೆ ಬೇರೆ ಯಾರೂ ಒಪ್ಪದ ಕಾರಣ ಕಮಿಟಿ ಮಾಲಾಕಿಯನ್ನು ಸರ್ವಾನುಮತದಿಂದ ಆರಿಸಿತು. ಮನೆಗೆ ಬಂದು ಅವನು ಹೇಳಿದ್ದು ಸರ್ವಾನುಮತದ ವಿಷಯವನ್ನಷ್ಟೇ.

ಆ ವರ್ಷ ಆಟಕ್ಕೆ ಹೊಸ ನಿಯಮ ಬಂದಿತ್ತು. ನಮ್ಮ ಕಡೆಯ ಫುಟ್‌ಬಾಲಿನಲ್ಲಿ ಬಲೆಗೆ ಒದ್ದರೆ ಗೋಲ್, ಎರಡು ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿನಿಂದ ಚೆಂಡು ಹಾರಿಸಿದರೆ ಒಂದು ಪಾಯಿಂಟ್. ಇದು ನಮ್ಮ ಅಜ್ಜಂದಿರ ಕಾಲದಿಂದ ಇರುವುದೇ. ಈಗ ಗೋಲಿನಿಂದ ನಲವತ್ತು ಮೀಟರ್ ದೂರಕ್ಕೆ ಕಮಾನಿನ ಹಾಗೆ ಒಂದು ಗೆರೆ ಎಳೆಯಬೇಕು, ಅದರ ಆಚೆಯಿಂದ ಒದ್ದು ಹಾರಿಸಿದರೆ ಎರಡು ಪಾಯಿಂಟ್. ಪ್ಯಾಕಿಯ ಟೇಪು ತುಕ್ಕು ಹಿಡಿದು, ಸ್ವಲ್ಪ ಎಳೆದರೆ ಮುಂದಕ್ಕೆ ಬರದೆ ನಿಂತುಬಿಡುತ್ತಿತ್ತು.

"ಹೊಸದೊಂದು ತಗೊಂಡು ಬಾ," ಎಂದೆ.

"ಟೇಪು ಯಾಕೇ? ಹಗ್ಗ ಇಲ್ವಾ?"

ಡ್ರಮ್‌ಕೀಲ್‌ನಲ್ಲಿ ಹಗ್ಗ ಎಂದರೆ ಒಂದೇ ಹಗ್ಗ. ಮಾಲಾಕಿ ಹುಡುಗನಾಗಿದ್ದಾಗ ನಮ್ಮ ಊರಿನ ಎಂಟು ಜನ ಹಗ್ಗಜಗ್ಗಾಟದ ಫೈನಲ್ಲಿನಲ್ಲಿ ಪಕ್ಕದೂರು ಕಿಲ್‌ಕಾರನ್‌ನವರನ್ನು ಕೆಸರಿಗೆ ಎಳೆದು ಹಾಕಿದ್ದರು. ಫುಟ್‌ಬಾಲ್ ಕ್ಲಬ್ಬು ಗೆದ್ದದ್ದು ಏನೂ ಇಲ್ಲದ್ದರಿಂದ ಆ ಹಗ್ಗವನ್ನೇ ಕ್ಲಬ್ಬಿನ ಗೋಡೆಗೆ ತೂಗುಹಾಕಿದ್ದಾರೆ. ನಲವತ್ತು ಮೀಟರಿನ ಹಗ್ಗ ಎಂದೇ ಅದರ ಹೆಸರು. ನಲವತ್ತು ಮೀಟರ್ ಎಂದರೆ ಎಷ್ಟು ಎಂದು ಶಾಲೆಯ ಮಕ್ಕಳು ಕೇಳಿದರೆ ಟೀಚರು ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸುತ್ತಾರೆ. ಎಂಟು ಜನರ ಆ ತಂಡದಲ್ಲಿ ಮಾಲಾಕಿ ಒಂಬತ್ತನೆಯವನು, ಯಾರಿಗಾದರೂ ಹುಷಾರಿಲ್ಲದಿದ್ದರೆ ಇರಲಿ ಎಂದು ಇಟ್ಟುಕೊಂಡವನು. ಎಂಟು ಜನರೂ ಹುಷಾರಾಗಿದ್ದರು. ಆದರೂ ಅವನ ಪಾಲಿನ ನೆನಪಿನ ಕಾಣಿಕೆ ನಮ್ಮ ಅಡುಗೆಮನೆಯಲ್ಲಿ, ಯೇಸುವಿನ ಪಟದ ಕೆಂಪು ದೀಪದ ಕೆಳಗೆ, ಗಾಜಿನ ಪೆಟ್ಟಿಗೆಯೊಳಗಿದೆ.

ಫೆಬ್ರವರಿಯ ಒಂದು ಶನಿವಾರ ಅವನು ಹಗ್ಗದ ಒಂದು ತುದಿಯನ್ನು ಗೋಲಿನ ನಡುವೆ ಗೂಟಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಂಡು, ಸುಣ್ಣದ ಗಾಡಿ ತಳ್ಳುತ್ತಾ ಕಮಾನು ಎಳೆದ. ಮೇಯಲು ಕಟ್ಟಿದ ಮೇಕೆಯ ಹಾಗೆ ಕಾಣುತ್ತಿದ್ದ. ಇದನ್ನು ನಾನು ಅವನಿಗೆ ಹೇಳಲಿಲ್ಲ. ಎರಡೂ ಕಡೆಯ ಕಮಾನುಗಳು ನೋಡಲು ಬಹಳ ಚೆನ್ನಾಗಿದ್ದವು. ರೆಫರಿಗಳು ಗೆರೆ ಇದೆಯೇ ಎಂದು ನೋಡುತ್ತಾರೆ, ಎಲ್ಲಿದೆ ಎಂದು ಅಳೆಯುವುದಿಲ್ಲ.

ಲೀಗ್ ಶುರುವಾಯಿತು. ನಮ್ಮ ಮೈದಾನದಲ್ಲಿ ಮೊದಲ ಆಟದಲ್ಲೇ ಓಡ್ರಾನ್ ಎಲ್ಲರ ಬಾಯಿ ಮುಚ್ಚಿಸಿದ. ಓಡ್ರಾನ್ ನನ್ನ ಗೆಳತಿ ಡಿಂಪ್ನಾಳ ಮಗ, ಹಾಲಿನ ಲಾರಿ ಓಡಿಸುತ್ತಾನೆ. ಚಳಿಗಾಲವೆಲ್ಲ ಪ್ರತಿ ಸಂಜೆ ಹಳೆಯ ಚೆಂಡೊಂದನ್ನು ಒದ್ದು ಒದ್ದು ಕಾಲು ಹದ ಮಾಡಿಕೊಂಡಿದ್ದ ಹುಡುಗ, ಗೆರೆ ಬಂದ ಮೇಲೆ ಬೂಟಿನ ತುದಿಯನ್ನು ಅದಕ್ಕೆ ತಾಗಿಸಿಯೇ ಅಭ್ಯಾಸ ಮಾಡುತ್ತಿದ್ದ. ಆ ಭಾನುವಾರ ಅವನು ಒದ್ದದ್ದೆಲ್ಲ ಕಂಬಗಳ ನಡುವೆ ಹಾರಿತು. ಎರಡು, ಎರಡು, ಮತ್ತೆ ಎರಡು. ಸುದ್ದಿ ಹಬ್ಬಿದ ಮೇಲೆ ನಮ್ಮೂರಿಗೆ ಬಂದ ತಂಡಗಳೆಲ್ಲ ಅವನನ್ನು ತಡೆಯಲು ಆರೇಳು ಜನರನ್ನು ಹಿಂದೆ ಇಟ್ಟುಕೊಂಡವು. ಅದರಿಂದ ಅವರ ಕಡೆ ಒದೆಯಲು ಯಾರೂ ಉಳಿಯಲಿಲ್ಲ.

ಹೊರಗಿನ ಊರಿಗೆ ಹೋದರೆ ಕಥೆ ಬೇರೆ. ಅದೇ ಹುಡುಗ, ಅದೇ ಗೆರೆ, ಅದೇ ಒದೆ. ಚೆಂಡು ಚೆಂದವಾಗಿ ಮೇಲೇರಿ, ಅಡ್ಡಪಟ್ಟಿಗೆ ಸ್ವಲ್ಪ ಮುಂಚೆ ಮನಸ್ಸು ಬದಲಾಯಿಸಿ, ಪೋಸ್ಟ್‌ಮ್ಯಾನ್ ಕೊಟ್ಟ ಪಾರ್ಸೆಲ್ಲಿನಂತೆ ಎದುರಾಳಿ ಗೋಲ್‌ಕೀಪರನ ಕೈಗೆ ಬೀಳುತ್ತಿತ್ತು. ಆತ ಅದನ್ನು ಮುಂದಕ್ಕೆ ಒದೆಯುತ್ತಿದ್ದ, ನಮ್ಮವರು ಬಾಯಿ ತೆರೆದು ನೋಡುತ್ತಿದ್ದರು, ಅವರಿಗೊಂದು ಗೋಲ್. ನಮ್ಮೂರಲ್ಲಿ ಗೆಲುವು, ಹೊರಗೆ ಸೋಲು. ಮತ್ತೆ ನಮ್ಮೂರಲ್ಲಿ ಗೆಲುವು, ಮತ್ತೆ ಹೊರಗೆ ಸೋಲು.

ಇದರ ವಿಚಾರಣೆ ಭಾನುವಾರದ ಪೂಜೆ ಮುಗಿದ ಮೇಲೆ ಲಾಫ್ಟಸ್‌ನ ಅಂಗಡಿಯಲ್ಲಿ ನಡೆಯುತ್ತಿತ್ತು. ಅಂಗಡಿಯ ಒಂದು ಕಡೆ ದಿನಸಿ, ಇನ್ನೊಂದು ಕಡೆ ಬಿಯರು. ನಾನು ದಿನಸಿ ಕಡೆ ನಿಂತು ಬ್ರೆಡ್ಡಿಗೆ ಕಾಯುತ್ತಿದ್ದೆ.

"ಲೀಗ್ ಆಟ ಲೆಕ್ಕಕ್ಕಿಲ್ಲ ಬಿಡ್ರೋ," ಎಂದ ಲಾಫ್ಟಸ್. "ಚಾಂಪಿಯನ್‌ಶಿಪ್ಪಿಗೆ ಇನ್ನೂ ಟೈಮಿದೆ."

"ಲೆಕ್ಕಕ್ಕಿಲ್ಲ ಅಂದ್ರೆ ಹೋದ ಭಾನುವಾರ ಯಾಕಯ್ಯಾ ಹಂಗೆ ಕಿರುಚ್ತಿದ್ದೆ?" ಎಂದು ಕೇಳಿದ ಮ್ಯಾಟಿ ಜೋ. ಹಗ್ಗ ಎಳೆದ ಎಂಟು ಜನರಲ್ಲಿ ಕೊನೆಯಲ್ಲಿ ನಿಂತು ಸೊಂಟಕ್ಕೆ ಸುತ್ತಿಕೊಂಡವನು ಅವನೇ. ಈಗಲೂ ಕುರ್ಚಿಯಲ್ಲಿ ಹಿಂದಕ್ಕೆ ವಾಲಿಯೇ ಕೂರುತ್ತಾನೆ.

"ಹೋದ ಭಾನುವಾರ ಗೆದ್ದಿದ್ವಲ್ಲ."

"ನಾನು ಹೇಳ್ತೀನಿ ಕೇಳು. ನಮ್ಮ ಕಾಲದಲ್ಲಿ ಚೆಂಡು ಸಿಕ್ಕಿದ್ರೆ ಮುಂದಕ್ಕೆ ಒದೀತಿದ್ರು. ಇವರು ಹಿಂದಕ್ಕೆ, ಪಕ್ಕಕ್ಕೆ, ಮತ್ತೆ ಹಿಂದಕ್ಕೆ. ನನ್ನ ಹಸುಗಳು ಗೇಟು ಹುಡುಕೋ ಹಂಗೆ."

ಆಗ ಮಾಲಾಕಿ ಲೋಟ ಕೆಳಗಿಟ್ಟ. ಮೊದಲಾದರೆ ಅವನ ಮಾತು ಶುರುವಾದಾಗ ಜನ ಹೊರಗೆ ಮಳೆ ನಿಂತಿತೇ ಎಂದು ನೋಡುತ್ತಿದ್ದರು. ಈಗ ಅವನು ಮೈದಾನದ ಅಧಿಕಾರಿ.

"ನೀವು ಯಾರೂ ಗಮನಿಸಿಲ್ಲ," ಎಂದ. "ನಮ್ಮೂರಲ್ಲಿ ಆಡೋವಾಗ ಹುಡುಗ ಮನೇಲಿ ಬಿಸಿ ಊಟ ಮಾಡಿ ಬರ್ತಾನೆ. ಹೊರಗೆ ಹೋದಾಗ? ಅವರಮ್ಮ ಕಟ್ಟಿಕೊಟ್ಟ ಸ್ಯಾಂಡ್‌ವಿಚ್ಚು. ಮೊಟ್ಟೆ, ಈರುಳ್ಳಿ. ಕುಲುಕೋ ಬಸ್ಸಲ್ಲಿ ಕೂತ್ಕೊಂಡು ತಿಂತಾನೆ. ಚೆಂಡು ಸರಿಯಾಗಿ ಮೂರು ಮೀಟರ್ ಗಿಡ್ಡ ಬೀಳುತ್ತೆ. ಆ ಮೂರು ಮೀಟರ್ ಎಲ್ಲಿ ಹೋಯ್ತು?"

ಎಲ್ಲರೂ ಕಾದರು.

"ಹೊಟ್ಟೇಲಿದೆ."

ತಂಡದ ಮ್ಯಾನೇಜರ್ ಜಾರ್ಲಥ್ ಹಸುಗಳ ಔಷಧಿ ಮಾರುವವನು, ಹೊಟ್ಟೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳುವವನಲ್ಲ. ಅವನು ನಿಧಾನವಾಗಿ ತಲೆಯಾಡಿಸಿದ.

ಮಾತು ಮಧ್ಯಾಹ್ನದೊಳಗೆ ಡಿಂಪ್ನಾಳ ಮನೆ ಮುಟ್ಟಿತು. ಡಿಂಪ್ನಾ ನಾಟ್ಯದ ಹುಡುಗಿಯರಿಗೆ ಫ್ರಾಕು ಹೊಲಿಯುತ್ತಾಳೆ. ಅಳತೆಯ ಟೇಪು ಯಾವಾಗಲೂ ಅವಳ ಕೊರಳಲ್ಲೇ ಇರುತ್ತದೆ. ಎಷ್ಟೋ ವರ್ಷಗಳಿಂದ ನಾವಿಬ್ಬರೂ ಸಂಜೆ ಸೇತುವೆಯವರೆಗೆ ನಡೆದು ಬರುತ್ತೇವೆ. ಹೋಗುವಾಗ ಮಾತೆಲ್ಲ ಅವಳದ್ದು, ಬರುವಾಗ ನನ್ನದು. ಆ ದಿನ ಅವಳು ಬಂದದ್ದು ನಡೆಯಲು ಅಲ್ಲ. ಕ್ರಿಸ್‌ಮಸ್ಸಿನಿಂದ ಅವಳ ಬಳಿ ಇದ್ದ ನನ್ನ ಪೈ ತಟ್ಟೆ ಕೈಯಲ್ಲಿತ್ತು. ನಮ್ಮಲ್ಲಿ ತಟ್ಟೆ ಎಂದೂ ಖಾಲಿ ಹಿಂದಿರುಗುವುದಿಲ್ಲ, ಏನಿಲ್ಲವೆಂದರೂ ನಾಲ್ಕು ಬಿಸ್ಕತ್ತಾದರೂ ಇರುತ್ತವೆ. ಇದು ಖಾಲಿಯಾಗಿತ್ತು. ಸಾಲದ್ದಕ್ಕೆ ಹೊಳೆಯುವಂತೆ ತೊಳೆದಿತ್ತು.

"ತಗೋ ನಿನ್ನ ತಟ್ಟೆ."

"ಒಳಗೆ ಬಾರೇ, ಟೀ ಇಡ್ತೀನಿ."

"ಬೇಡಮ್ಮ. ನಾನು ಮುಟ್ಟಿದ ಕಪ್ಪಲ್ಲಿ ಕುಡಿದು ನಿನ್ನ ಗಂಡ ಮೂರು ಮೀಟರ್ ಕುಗ್ಗಿಬಿಟ್ಟಾನು."

"ಡಿಂಪ್ನಾ, ಅವನ ಮಾತು ನಿನಗೆ ಗೊತ್ತಿಲ್ವಾ?"

"ಗೊತ್ತು. ಊರಿಗೆ ಗೊತ್ತಿಲ್ಲ." ಅವಳು ಹೋಗಲು ತಿರುಗಿದವಳು ನಿಂತಳು. "ಹುಡುಗ ಊಟ ಬಿಟ್ಟಿದ್ದಾನೆ ಕಣೇ, ಅಸಂಪ್ಟಾ. ಟೇಬಲ್ ಕೆಳಗೆ ಬಗ್ಗಿ ತನ್ನ ಕಾಲನ್ನೇ ನೋಡ್ಕೋತಾ ಕೂತಿರ್ತಾನೆ. ಬೇರೆ ಯಾರದ್ದೋ ಕಾಲು ಅನ್ನೋ ಹಾಗೆ."

ಆ ಸಂಜೆ ನಾನು ಸೇತುವೆಯವರೆಗೆ ಒಬ್ಬಳೇ ಹೋದೆ. ಹೋಗುವಾಗ ಮಾತಿಲ್ಲದೆ ದಾರಿ ಸಾಗಲಿಲ್ಲ.

ಮುಂದಿನ ವಾರಗಳಲ್ಲಿ ಊರಿಗೆ ಊರೇ ಚಿಕಿತ್ಸೆಗೆ ಇಳಿಯಿತು. ಜಾರ್ಲಥ್ ಬಸ್ಸಿನಲ್ಲಿ ಸ್ಯಾಂಡ್‌ವಿಚ್ ನಿಷೇಧಿಸಿ, ಬೇಯಿಸಿದ ಆಲೂಗಡ್ಡೆಯನ್ನು ದೊಡ್ಡ ಪಾತ್ರೆಯಲ್ಲಿ ತರಿಸಿದ. ಚೆಂಡು ಗಿಡ್ಡ ಬಿತ್ತು. ಫಾದರ್ ಕ್ಯಾನಿಸ್ ಹುಡುಗನ ಬೂಟುಗಳಿಗೆ ತೀರ್ಥ ಚಿಮುಕಿಸಿದರು. ಚೆಂಡು ಗಿಡ್ಡ ಬಿತ್ತು, ಹುಡುಗನೂ ಜಾರಿ ಬಿದ್ದ. ಪೇಟೆಯಿಂದ ಮನಸ್ಸಿನ ತರಬೇತಿ ಕೊಡುವವರೊಬ್ಬರು ಬಂದು, ಕಣ್ಣು ಮುಚ್ಚಿ ನಿನ್ನೂರಿನ ಕಂಬಗಳನ್ನು ನೆನೆಸಿಕೋ ಎಂದರು. ಅವನು ನೆನೆಸಿಕೊಂಡ. ಚೆಂಡು ಅದೇ ಜಾಗದಲ್ಲಿ, ಮೊದಲಿಗಿಂತ ನೆಮ್ಮದಿಯಿಂದ ಬಿತ್ತು. ಕೊನೆಗೆ ಮಾಲಾಕಿ ನಮ್ಮ ಮೈದಾನದಿಂದ ಹುಲ್ಲಿನ ಹೆಂಟೆಯೊಂದನ್ನು ಕತ್ತರಿಸಿ, ಗೊಬ್ಬರದ ಚೀಲದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಒಯ್ದ. ಊರಿನ ಮಣ್ಣು ಹತ್ತಿರವಿದ್ದರೆ ಹುಡುಗನಿಗೆ ಧೈರ್ಯ ಬರುತ್ತದೆಯಂತೆ. ಎದುರಾಳಿಗಳ ನಾಯಿಯೊಂದು ಬಂದು ಅದರ ಮೇಲೆ ಕೂತಿತು. ಅವರು ಗೆದ್ದರು.

ಮುಂದಿನ ಆಟ ಕಿಲ್‌ಕಾರನ್‌ನಲ್ಲಿ, ಅವರದೇ ಮೈದಾನದಲ್ಲಿ. ಓಡ್ರಾನ್‌ನನ್ನು ಹೊರಗೆ ಕೂರಿಸಿ ಬೇರೆಯವನನ್ನು ಇಳಿಸಬೇಕೆಂದು ಜಾರ್ಲಥ್ ಯೋಚಿಸುತ್ತಿದ್ದಾನೆ, ಗುರುವಾರದ ಕಮಿಟಿಯಲ್ಲಿ ಹೇಳುತ್ತಾನೆ ಎಂದು ಲಾಫ್ಟಸ್ ನನಗೆ ಬ್ರೆಡ್ಡಿನ ಜೊತೆ ತಿಳಿಸಿದ. ಕಿಲ್‌ಕಾರನ್ ಎದುರು ಒಮ್ಮೆ ಕೂತವನನ್ನು ನಮ್ಮೂರಲ್ಲಿ ಮತ್ತೆ ಎಬ್ಬಿಸುವುದಿಲ್ಲ.

ಗುರುವಾರ ಬೆಳಿಗ್ಗೆ ನಾನು ಅಡುಗೆಮನೆ ಒರೆಸುತ್ತಿದ್ದೆ. ಕೆಂಪು ದೀಪ ಒರೆಸಿದೆ, ಗಾಜಿನ ಪೆಟ್ಟಿಗೆ ಒರೆಸಿದೆ. ಒಳಗೆ ನಮ್ಮ ಪಾಲಿನ ನೆನಪಿನ ಕಾಣಿಕೆ ಇತ್ತು. ಒಂದು ಗೇಣುದ್ದದ ಹಗ್ಗದ ತುಂಡು, ಎರಡೂ ತುದಿಗೆ ಹಸಿರು ದಾರ ಸುತ್ತಿದೆ. ಇಷ್ಟು ವರ್ಷ ಒರೆಸಿದ್ದೇನೆ. ಆ ದಿನ ಬಟ್ಟೆ ಅಲ್ಲೇ ನಿಂತಿತು.

ಮಾಲಾಕಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ.

"ಮಾಲಾಕಿ, ಈ ತುಂಡು ಯಾವ ಹಗ್ಗದ್ದು?"

"ಯಾವ ಹಗ್ಗದ್ದು ಅಂದ್ರೆ? ಆ ಹಗ್ಗದ್ದೇ."

"ಗೆದ್ದ ಮೇಲೆ ಕತ್ತರಿಸಿ ಕೊಟ್ಟದ್ದಾ?"

"ಮತ್ತೆ, ಗೆಲ್ಲೋಕೆ ಮುಂಚೆ ಕತ್ತರಿಸ್ತಾರಾ?"

"ಎಷ್ಟು ಜನಕ್ಕೆ ಕೊಟ್ರು?"

ಅವನಿಗೆ ಇಷ್ಟವಾದ ವಿಷಯ. ಚಾಕು ಕೆಳಗಿಟ್ಟು ಬೆರಳು ಮಡಿಸಿದ. "ಎಳೆದವರು ಎಂಟು ಜನ. ನಾನು. ಕೋಚು. ಆಗಿನ ಫಾದರ್. ಬಸ್ ಡ್ರೈವರ್. ಲಾಫ್ಟಸ್‌ನ ಅಪ್ಪ. ಮೆರವಣಿಗೇಲಿ ಕೊಳಲು ಊದಿದ ಹೆಂಗಸು. ಹದಿನಾಲ್ಕು ತುಂಡು."

"ಹಾಗಾದ್ರೆ ಗೋಡೆ ಮೇಲಿರೋ ಹಗ್ಗ ಈಗ ಎಷ್ಟುದ್ದ?"

"ನಲವತ್ತು ಮೀಟರ್," ಎಂದು ಬ್ರೆಡ್ಡು ಕಚ್ಚಿದ.

ಅಗಿದ. ಸ್ವಲ್ಪ ಹೊತ್ತಿಗೆ ಅಗಿಯುವುದು ನಿಧಾನವಾಯಿತು. ಆಮೇಲೆ ನಿಂತಿತು. ಅವನು ಕೈ ಅಗಲಿಸಿ ಟೇಬಲ್ಲಿನ ಮೇಲೆ ಒಂದು ಗೇಣು ಇಟ್ಟ, ಅದರ ಪಕ್ಕ ಇನ್ನೊಂದು, ಅದರ ಪಕ್ಕ ಮತ್ತೊಂದು. ಟೇಬಲ್ಲು ಮುಗಿದರೂ ಗೇಣು ಮುಗಿಯಲಿಲ್ಲ.

"ಕೊಂಡಾಗ ನಲವತ್ತು ಇತ್ತು," ಎಂದ ಕೊನೆಗೆ. "ಕೊಂಡದ್ದನ್ನ ಈಗ ಯಾರೂ ಬದಲಾಯಿಸೋಕಾಗಲ್ಲ."

"ಹುಡುಗನ ಕಾಲು ಸರಿಯಾಗಿದೆ, ಮಾಲಾಕಿ. ನೀನು ಹಾಕಿಕೊಟ್ಟ ದೂರಕ್ಕೆ ಸರಿಯಾಗಿ ಒದೀತಿದ್ದಾನೆ. ಹೊರಗಿನವರ ಗೆರೆ ಮೂರು ಮೀಟರ್ ಹಿಂದಿದೆ."

"ನಾಳೆ ಬೆಳಿಗ್ಗೆ ಹೋಗಿ ಹಿಂದಕ್ಕೆ ಎಳೆದುಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ."

"ಆಗ ಹುಡುಗ ಇಲ್ಲೂ ಗಿಡ್ಡ ಒದೀತಾನೆ. ಆಗ ಯಾರ ಸ್ಯಾಂಡ್‌ವಿಚ್ ಬೈತೀಯ?"

ಅವನು ಯೇಸುವಿನ ಪಟದ ಕಡೆ ನೋಡಿದ. ಅಲ್ಲಿಂದಲೂ ಸಹಾಯ ಬರಲಿಲ್ಲ.

"ಇವತ್ತು ಕಮಿಟೀಲಿ ನೀನು ಹೇಳ್ತೀಯೋ, ನಾನು ಹೇಳ್ಲೋ?"

"ನೀನು ಬೇಡ," ಎಂದ ತಕ್ಷಣ. ಯಾಕೆಂದು ನನಗೂ ಗೊತ್ತಿತ್ತು.

ಸಂಜೆ ಕ್ಲಬ್ಬಿನಲ್ಲಿ ಎಲ್ಲರೂ ಸೇರಿದರು. ಗೋಡೆಯ ಮೇಲೆ ಹಗ್ಗ, ಕೆಳಗೆ ಕಮಿಟಿ. ಟೀ ಹಂಚುವ ಸರದಿ ಡಿಂಪ್ನಾಳದ್ದು. ಎಲ್ಲರಿಗೂ ಕಪ್ಪು ಕೊಟ್ಟು, ಮಾಲಾಕಿಯ ಮುಂದೆ ಬಂದಾಗ ಅಲ್ಲಿ ಕುರ್ಚಿ ಖಾಲಿ ಇದೆಯೆಂಬಂತೆ ಮುಂದೆ ಹೋದಳು.

ಜಾರ್ಲಥ್ ಗಂಟಲು ಸರಿಮಾಡಿಕೊಂಡ. "ಭಾನುವಾರದ ಟೀಮಿನ ವಿಷಯ. ಓಡ್ರಾನ್ ಒಳ್ಳೆ ಹುಡುಗ. ಆದ್ರೆ..."

ಡಿಂಪ್ನಾ ಟೀ ಕೆಟಲ್ಲು ಹಿಡಿದು ಅಲ್ಲೇ ನಿಂತಳು. ನಾನು ಮಾಲಾಕಿಯನ್ನು ನೋಡಿದೆ. ಅವನು ಎದ್ದು ನಿಂತ.

"ಗೆರೆ ಗಿಡ್ಡ ಇದೆ," ಎಂದ.

"ಯಾವ ಗೆರೆ?"

"ನಮ್ಮ ಕಮಾನು. ಎರಡೂ ಕಡೆ. ಮೂರು ಮೀಟರ್."

"ಹೆಂಗೆ ಗಿಡ್ಡ ಆಗುತ್ತೆ?" ಎಂದ ಮ್ಯಾಟಿ ಜೋ. "ನೀನು ಹಗ್ಗದಲ್ಲೇ ಅಳೆದೆ ತಾನೆ?"

"ಹಗ್ಗದಲ್ಲೇ."

"ಹಂಗಾದ್ರೆ ಗೆರೆ ಸರಿಯಾಗಿದೆ. ಕೂತ್ಕೋ."

"ಹಗ್ಗ ಗಿಡ್ಡ ಇದೆ, ಮ್ಯಾಟಿ ಜೋ."

ಫಾದರ್ ಕ್ಯಾನಿಸ್ ಕಪ್ಪು ಕೆಳಗಿಟ್ಟರು. ಮ್ಯಾಟಿ ಜೋ ಕುರ್ಚಿಯಲ್ಲಿ ಮೊದಲ ಬಾರಿಗೆ ಮುಂದಕ್ಕೆ ಬಾಗಿದ.

"ಈ ಹಗ್ಗದ ಬಗ್ಗೆ ಇಂಥ ಮಾತು ನಾನು ಇಲ್ಲಿವರೆಗೆ ಕೇಳಿರೋದು ಕಿಲ್‌ಕಾರನ್‌ನವರ ಬಾಯಲ್ಲಿ ಮಾತ್ರ," ಎಂದ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಹುಟ್ಟಿ ಬೆಳೆದದ್ದು ಕಿಲ್‌ಕಾರನ್‌ನಲ್ಲಿ. ಮದುವೆಯಾಗಿ ಬಂದು ಮೂವತ್ತು ವರ್ಷವಾಯಿತು. ಅಷ್ಟು ವರ್ಷವೂ ಯಾರೂ ಅದನ್ನು ಬಾಯಿಬಿಟ್ಟು ಆಡಿರಲಿಲ್ಲ, ಮರೆತೂ ಇರಲಿಲ್ಲ.

"ನಿನ್ನ ಹೆಂಡತಿ ಹೇಳಿಕೊಟ್ಟಳಾ?" ಎಂದು ಮ್ಯಾಟಿ ಜೋ ಮಾಲಾಕಿಯನ್ನು ಕೇಳಿದ.

ಅಷ್ಟರಲ್ಲಿ ಕೆಟಲ್ಲು ಟೇಬಲ್ಲಿನ ಮೇಲೆ ಕುಳಿತ ಸದ್ದಾಯಿತು. ಡಿಂಪ್ನಾ ಕೊರಳಿನಿಂದ ಟೇಪು ತೆಗೆದಳು.

"ಹಗ್ಗ ಇಳಿಸ್ರಿ," ಎಂದಳು.

"ಗೋಡೆಯಿಂದ ಅದನ್ನ..." ಎಂದು ಕಮಿಟಿಯಲ್ಲಿ ಯಾರೋ ಶುರುಮಾಡಿದರು.

"ಇಳಿಸ್ರಿ ಅಂದೆ."

ಹಗ್ಗವನ್ನು ಬಾಗಿಲಿನಿಂದ ಹೊರಗೆ ಕಾರು ನಿಲ್ಲಿಸುವ ಜಾಗದುದ್ದಕ್ಕೂ ಎಳೆದರು. ಡಿಂಪ್ನಾ ಮಂಡಿಯೂರಿ ಟೇಪು ಇಡುತ್ತಾ ಹೋದಳು, ಫಾದರ್ ಗಟ್ಟಿಯಾಗಿ ಎಣಿಸುತ್ತಾ ಹಿಂದೆ ಹೋದರು, ಅವರ ಹಿಂದೆ ಕಮಿಟಿ. ಮೂವತ್ತು ದಾಟಿದ ಮೇಲೆ ಫಾದರ್ ಅವರ ದನಿ ಇಳಿಯಿತು. ಮೂವತ್ತಾರಕ್ಕೆ ಪಿಸುಮಾತಾಯಿತು. ಮೂವತ್ತಾರೂ ಮುಕ್ಕಾಲಿಗೆ ಹಗ್ಗ ಮುಗಿಯಿತು.

"ಅದು ಫ್ರಾಕಿನ ಟೇಪು," ಎಂದ ಮ್ಯಾಟಿ ಜೋ.

"ಹೌದು. ನಿಮ್ಮ ಮೊಮ್ಮಗಳ ಫ್ರಾಕು ಹೊಲಿದದ್ದೂ ಇದರಲ್ಲೇ. ಎಲ್ಲಾದರೂ ಗಿಡ್ಡ ಇತ್ತಾ?"

ನಾನು ಚೀಲದಿಂದ ನಮ್ಮ ತುಂಡನ್ನು ತೆಗೆದು ಹಗ್ಗದ ತುದಿಗೆ ಇಟ್ಟೆ. ಸ್ವಲ್ಪ ಹೊತ್ತಿಗೆ ಮ್ಯಾಟಿ ಜೋ ತನ್ನ ಕಾರಿನ ಕಡೆ ನಡೆದು, ಕನ್ನಡಿಗೆ ನೇತುಹಾಕಿದ್ದ ತುಂಡನ್ನು ಬಿಚ್ಚಿ ತಂದು ನಮ್ಮದರ ಪಕ್ಕ ಇಟ್ಟ. ಲಾಫ್ಟಸ್ ಅಂಗಡಿಗೆ ಓಡಿದ. ಫಾದರ್ ಚರ್ಚಿಗೆ ಹೋದರು. ಒಬ್ಬೊಬ್ಬರೇ ಮನೆಯಿಂದ ತಂದು, ಪ್ರಾರ್ಥನೆಗೆ ಬಂದವರ ಹಾಗೆ ಬಗ್ಗಿ ಇಟ್ಟು ಹೋದರು. ಕೊನೆಗೆ ಎರಡು ತುಂಡು ಕಡಿಮೆಯಾದವು.

"ಒಂದು ಬಾಸ್ಟನ್‌ನಲ್ಲಿದೆ," ಎಂದ ಜಾರ್ಲಥ್. "ಚಿಕ್ಕಪ್ಪ ತಗೊಂಡು ಹೋದ್ರು."

"ಇನ್ನೊಂದು ಕೋಚ್ ಜೊತೆ ಹೋಯ್ತು," ಎಂದರು ಫಾದರ್. "ಶವದ ಪೆಟ್ಟಿಗೆ ಮುಚ್ಚೋ ಮುಂಚೆ ನಾನೇ ಕೈಯಲ್ಲಿ ಇಟ್ಟೆ."

"ಅವೆರಡನ್ನೂ ಸೇರಿಸಿಕೊಳ್ಳಿ ಫಾದರ್," ಎಂದ ಮ್ಯಾಟಿ ಜೋ.

ಸೇರಿಸಿಕೊಂಡರು. ನಲವತ್ತು ಬಂತು. ಎಲ್ಲರೂ ಉಸಿರು ಬಿಟ್ಟರು. ಮ್ಯಾಟಿ ಜೋ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಒಳಗೆ ಹೋಗಿ ಕಮಿಟಿ ಹೀಗೆ ಠರಾವು ಮಾಡಿತು: ಹಗ್ಗ ನಲವತ್ತು ಮೀಟರೇ ಇದೆ, ಸದ್ಯಕ್ಕೆ ಒಂದೇ ಜಾಗದಲ್ಲಿ ಇಲ್ಲ ಅಷ್ಟೆ. ಅದನ್ನು ಪೂರ್ತಿ ಕೂಡಿಸಿಕೊಳ್ಳದೆ ಅಳೆದದ್ದು ಮಾಲಾಕಿಯ ತಪ್ಪು. ಈ ಠರಾವನ್ನು ಅನುಮೋದಿಸಲು ಯಾರಾದರೂ ಬೇಕಾಗಿತ್ತು. ಮಾಲಾಕಿ ಕೈ ಎತ್ತಿದ. ಗೆರೆ ಎಳೆಯುವ ಕೆಲಸಕ್ಕೆ ಈಗಲೂ ಬೇರೆ ಯಾರೂ ಒಪ್ಪದ್ದರಿಂದ ಅದನ್ನು ಅವನಿಗೇ ಬಿಟ್ಟರು. ಓಡ್ರಾನ್ ಭಾನುವಾರ ಆಡುತ್ತಾನೆ ಎಂದ ಜಾರ್ಲಥ್, ತಾನು ಬೇರೆ ಹೇಳಲು ಹೊರಟೇ ಇರಲಿಲ್ಲವೆಂಬಂತೆ.

ಮರುದಿನ ಮಾಲಾಕಿ ಹೊಸ ಟೇಪಿನಿಂದ ಗೆರೆ ಹಿಂದಕ್ಕೆ ಎಳೆದ. ಸಂಜೆ ಓಡ್ರಾನ್ ಹೊಸ ಗೆರೆಯ ಮೇಲೆ ನಿಂತು ಹಳೆಯ ಗೆರೆಯನ್ನು ನೋಡಿದ.

"ಇಷ್ಟೇನಾ?" ಎಂದ. "ಸ್ವಲ್ಪ ಜೋರಾಗಿ ಒದೀಬೇಕಿತ್ತಾ?"

"ಇಷ್ಟೇ ಕಣಪ್ಪ," ಎಂದ ಮಾಲಾಕಿ.

ಹುಡುಗ ಆ ದಿನ ಮನೆಗೆ ಹೋಗಿ ಮೂರು ಸಲ ಬಡಿಸಿಕೊಂಡನಂತೆ.

ಭಾನುವಾರ ಕಿಲ್‌ಕಾರನ್‌ನ ಬೇಲಿಯ ಪಕ್ಕ ನಾವು ನಿಂತಿದ್ದೆವು. ನಮ್ಮವರು ಸೋಲುತ್ತಿದ್ದರು. ಚೆಂಡು ಓಡ್ರಾನ್‌ಗೆ ಸಿಕ್ಕಿ, ಅವನು ಗೆರೆಯ ಆಚೆ ನಿಂತಾಗ ಊರಿಗೆ ಊರೇ ಉಸಿರು ಹಿಡಿಯಿತು. ಅದೇ ಸಮಯಕ್ಕೆ ನನ್ನ ಪಕ್ಕದಿಂದ ಒಂದು ಕೈ ಬಂತು. ಕೈಯಲ್ಲಿ ಬೆಳ್ಳಿ ಕಾಗದದ ಪೊಟ್ಟಣ.

"ತಿನ್ನು," ಎಂದಳು ಡಿಂಪ್ನಾ ಮಾಲಾಕಿಗೆ.

"ಈಗಾ?"

"ಈಗ. ಎಲ್ಲರ ಮುಂದೆ."

ಮಾಲಾಕಿ ಬಿಚ್ಚಿದ. ಮೊಟ್ಟೆ, ಈರುಳ್ಳಿ. ಊರಿನವರೆಲ್ಲ ಚೆಂಡು ಬಿಟ್ಟು ಅವನನ್ನು ನೋಡಿದರು. ಅವನು ಕಚ್ಚಿದ. ಓಡ್ರಾನ್ ಒದ್ದ. ಚೆಂಡು ಏರಿತು, ಅಡ್ಡಪಟ್ಟಿಯ ಹತ್ತಿರ ಬಂದಿತು, ಈ ಸಲ ಮನಸ್ಸು ಬದಲಾಯಿಸಲಿಲ್ಲ. ಕಂಬಗಳ ನಡುವೆ ಹಾರಿ, ಹಿಂದಿನ ಬಲೆಯನ್ನೂ ದಾಟಿ, ನನ್ನ ತವರಿನ ಚರ್ಚಿನ ಅಂಗಳದಲ್ಲಿ ಬಿತ್ತು. ಆಮೇಲೆ ಅಂಥವು ಮೂರು ಹಾರಿದವು. ಮಾಲಾಕಿ ಪೊಟ್ಟಣ ಮುಗಿಸಿದ.

ಆ ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ಡಿಂಪ್ನಾ ಒಳಗೆ ಬಂದು ಕಪಾಟಿನಿಂದ ನನ್ನ ಪೈ ತಟ್ಟೆಯನ್ನು ತಾನೇ ತೆಗೆದು, ಅವಳ ಬುಟ್ಟಿಯಲ್ಲಿದ್ದ ಸೇಬಿನ ಪೈಯನ್ನು ಅದರಲ್ಲಿ ಇಟ್ಟು, "ಬರ್ತೀಯೇನೇ?" ಎಂದಳು.

ಲಾಫ್ಟಸ್‌ನ ಅಂಗಡಿಯ ಮುಂದೆ ಹಾದು ಹೋಗುವಾಗ ಬಾಗಿಲು ತೆರೆದಿತ್ತು. ಒಳಗಿನಿಂದ ಮಾಲಾಕಿಯ ದನಿ ಕೇಳಿಸುತ್ತಿತ್ತು.

"ನೀವು ಯಾರೂ ಗಮನಿಸಿಲ್ಲ. ನಾನು ಮೊದಲ ತುತ್ತು ಕಚ್ಚಿದ್ದು ಯಾವಾಗ? ಅವನು ಒದೆಯೋಕೆ ಸ್ವಲ್ಪ ಮುಂಚೆ. ಗುಟ್ಟು ಇರೋದೇ ಈರುಳ್ಳೀಲಿ."

ಡಿಂಪ್ನಾ ನಿಂತು ಪೂರ್ತಿ ಕೇಳಿಸಿಕೊಂಡಳು. ನಂತರ ನನ್ನ ತೋಳು ಹಿಡಿದು ಹೆಜ್ಜೆ ಹಾಕಿದಳು. ಸೇತುವೆಯವರೆಗೆ ಮಾತೆಲ್ಲ ಅವಳ ಮಗನ ಕಾಲಿನದ್ದು. ಬರುವಾಗಲೂ ಅದೇ. ನನ್ನ ಸರದಿ ಎಂದು ನಾನು ನೆನಪಿಸಲಿಲ್ಲ.